ಉಪಕರಣದ ಹೊಟ್ಟೆಯೊಳಗೆ ಸ್ಪಿರಿಟ್, ಸೀಮೆಎಣ್ಣೆ ಇದ್ದರೆ ಅದು ‘ಅಪಾಯಕಾರಿ ಸರಕು’ ಆಗುತ್ತದೆಯೇ?

ಹೆಬ್ಬಾಳದ ರಿಪೇರಿಯವ (ಪ್ರಶ್ನೆ)

ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪ್ರಯೋಗಾಲಯದ ಉಪಕರಣಗಳನ್ನು ರಿಪೇರಿ ಮಾಡಿ, ಕ್ಯಾಲಿಬ್ರೇಷನ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಸಕ್ಕರೆ ಕಾರ್ಖಾನೆಗಳ ಲ್ಯಾಬಿನ ಕೆಲಸ ಹೆಚ್ಚು, ಜೊತೆಗೆ ಕಾಲೇಜುಗಳದ್ದು. ಈಗ ಅಸ್ಸಾಮಿನ ಒಂದು ಕಾಲೇಜಿಗೆ ಹಳೆಯ ಉಪಕರಣಗಳನ್ನು ಸರಿಪಡಿಸಿ ಕಳಿಸಿಕೊಡುವ ಕೆಲಸ ಬಂದಿದೆ. ಅವರಿಗೆ ತಿಂಗಳೊಳಗೆ ಬೇಕಾದ್ದರಿಂದ ವಿಮಾನದಲ್ಲೇ ಕಳಿಸಿ ಎನ್ನುತ್ತಿದ್ದಾರೆ.

ಕಳಿಸಬೇಕಾದ ಸಾಮಾನು ಇಷ್ಟು. ಕೆಂಪು ಬಣ್ಣದ ಸ್ಪಿರಿಟ್ ತುಂಬಿದ ಗಾಜಿನ ಥರ್ಮಾಮೀಟರುಗಳು ಎರಡು ಡಜನ್. ಗಾಳಿಯ ಒತ್ತಡ ಅಳೆಯುವ ಓರೆ ಮ್ಯಾನೋಮೀಟರ್ ಒಂದು, ಅದರೊಳಗೆ ಬಣ್ಣ ಹಾಕಿದ ಸೀಮೆಎಣ್ಣೆ ಇದೆ. ದ್ರವ ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಹಳೆಯ ಎಚ್‌ಪಿಎಲ್‌ಸಿ ಯಂತ್ರ ಒಂದು, ಪಂಪ್ ಒಣಗಿ ಸೀಲ್ ಹಾಳಾಗಬಾರದೆಂದು ಅದರ ಕೊಳವೆಗಳಲ್ಲಿ ಮೆಥನಾಲ್ ನಿಲ್ಲಿಸಿದ್ದೇನೆ, ಬೇರ್ಪಡಿಸುವ ಕೆಲಸ ಮಾಡುವ ಕೊಳವೆ, ಅಂದರೆ ಕಾಲಮ್ ಕೂಡ ಅದಕ್ಕೆ ಜೋಡಿಸಿಯೇ ಇದೆ. ಕೊನೆಯದಾಗಿ ಬೆಳಕು ಎಷ್ಟು ಬಾಗುತ್ತದೆ ಎಂದು ಅಳೆಯುವ ಆ್ಯಬೆ ರಿಫ್ರ್ಯಾಕ್ಟೋಮೀಟರ್, ಅದರ ಪೆಟ್ಟಿಗೆಯ ಮೂಲೆಯಲ್ಲಿ ಬೆರಳುದ್ದದ ಬಾಟಲಿಯಲ್ಲಿ ಮಾನೊಬ್ರೋಮೊನ್ಯಾಫ್ತಲೀನ್ ಎಂಬ ಸಂಪರ್ಕ ದ್ರವ.

ಕಳೆದ ವರ್ಷ ಇಂಥದ್ದೇ ಒಂದು ಪೆಟ್ಟಿಗೆಯ ಮೇಲೆ ‘ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ಸ್’ ಎಂದಷ್ಟೇ ಬರೆದು ಕಳಿಸಿದ್ದೆ. ಬೆಂಗಳೂರಿನಲ್ಲಿ ಎಕ್ಸ್‌ರೇ ತಪಾಸಣೆಯಲ್ಲಿ ಒಳಗೆ ದ್ರವ ಇರುವುದು ಕಂಡು, ಹನ್ನೊಂದು ದಿನ ಗೋದಾಮಿನಲ್ಲಿ ಕೊಳೆಹಾಕಿ, ಕೊನೆಗೆ ವಾಪಸ್ ಕಳಿಸಿದರು; ಹೋಗಿ ಬಂದ ಬಾಡಿಗೆ ಎರಡನ್ನೂ ನಾನೇ ತೆತ್ತೆ. ಯಾವ ಕೊರಿಯರ್ ಎಂಬುದು ಇಲ್ಲಿ ಬೇಡ. ಈ ಸಲ ಮೂರು ಕಡೆ ವಿಚಾರಿಸಿದೆ, ಮೂರೂ ಕಡೆ ಮೂರು ಮಾತು. ಒಬ್ಬರು ‘ಲಿಕ್ವಿಡ್ ಇಲ್ಲ ಅಂತ ಬರೆದುಕೊಡಿ ಸಾರ್, ಸಾಕು’ ಎಂದರು. ಇನ್ನೊಬ್ಬರು ‘ಎಂಎಸ್‌ಡಿಎಸ್ (ತಯಾರಕರ ಸುರಕ್ಷತಾ ಹಾಳೆ) ತನ್ನಿ, ನೋಡೋಣ’ ಎಂದರು. ಮೂರನೆಯವರು ಸ್ಪಿರಿಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ಕೈ ಮುಗಿದರು.

ನನ್ನ ತಿಳಿವಳಿಕೆಯ ಪ್ರಕಾರ ಉಪಕರಣ ಉಪಕರಣವೇ, ಅದು ರಾಸಾಯನಿಕದ ಬಾಟಲಿ ಅಲ್ಲ. ಥರ್ಮಾಮೀಟರಿನ ಸ್ಪಿರಿಟ್ ಗಾಜಿನೊಳಗೆ ಬೆಸುಗೆಯಾಗಿ ಕೂತಿದೆ, ಒಡೆಯದೆ ಅದು ಹೊರಬರುವ ಮಾತೇ ಇಲ್ಲ. ಹೀಗಿದ್ದೂ ಇದನ್ನು ಸೀಮೆಎಣ್ಣೆ ಡಬ್ಬದ ಸಾಲಿಗೆ ಸೇರಿಸುತ್ತಾರೆಯೇ? ಸೇರಿಸುವುದಾದರೆ ಎಷ್ಟು ದ್ರವ ಇದ್ದರೆ, ಯಾವ ದ್ರವ ಇದ್ದರೆ ಎಂಬುದಕ್ಕೆ ಗೆರೆ ಎಲ್ಲಿದೆ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಕಾರ್ಗೋ ಕಾಗದಪತ್ರ

ಮಂಡ್ಯದಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ವಿಮಾನ ಸರಕಿನ ದಾಖಲೆ ನೋಡುವ ಕೆಲಸ ಮಾಡುವವನು ನಾನು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಆಗುತ್ತದೆ. ಉಪಕರಣದೊಳಗೆ ಇದೆ ಎಂಬ ಕಾರಣಕ್ಕೆ ದ್ರವ ತನ್ನ ಗುಣ ಬಿಡುವುದಿಲ್ಲ. ಆದರೆ ‘ಉಪಕರಣ ಬಾಟಲಿ ಅಲ್ಲ’ ಎಂಬ ನಿಮ್ಮ ಮಾತಿನಲ್ಲೂ ಅರ್ಧ ಸತ್ಯ ಇದೆ, ಏಕೆಂದರೆ ನಿಯಮ ಬರೆದವರಿಗೂ ಅದು ಹೊಳೆದಿತ್ತು ಮತ್ತು ಅದಕ್ಕೆಂದೇ ಅವರು ಬೇರೆಯದೊಂದು ಬಾಗಿಲು ಇಟ್ಟಿದ್ದಾರೆ.

ಮೊದಲು ದ್ರವದ ವಿಷಯ. ಮುಚ್ಚಿದ ಬಟ್ಟಲಿನ ಪರೀಕ್ಷೆಯಲ್ಲಿ ಫ್ಲ್ಯಾಷ್ ಪಾಯಿಂಟ್ (ಜ್ವಾಲೆ ತೋರಿಸಿದರೆ ಆವಿ ಹೊತ್ತಿಕೊಳ್ಳುವ ಅತಿ ಕಡಿಮೆ ಉಷ್ಣತೆ) 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಬರುವ ದ್ರವ ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ 3ನೇ ವರ್ಗ, ಅಂದರೆ ಹೊತ್ತಿಕೊಳ್ಳುವ ದ್ರವ. ಅಪಾಯದ ಮಟ್ಟಕ್ಕೆ ತಕ್ಕಂತೆ ಅದರೊಳಗೆ ಮತ್ತೆ ಮೂರು ಪ್ಯಾಕಿಂಗ್ ಗುಂಪು. ಕುದಿಯಲು ಆರಂಭಿಸುವ ಉಷ್ಣತೆ 35 ಡಿಗ್ರಿ ಮೀರದಿದ್ದರೆ ಒಂದನೆಯದು. ಕುದಿಬಿಂದು ಅದಕ್ಕಿಂತ ಮೇಲಿದ್ದು ಫ್ಲ್ಯಾಷ್ ಪಾಯಿಂಟ್ 23ಕ್ಕಿಂತ ಕೆಳಗಿದ್ದರೆ ಎರಡನೆಯದು. 23ರಿಂದ 60ರ ನಡುವೆ ಇದ್ದರೆ ಮೂರನೆಯದು. ಒಂದೊಂದು ಸರಕಿಗೂ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಒಂದು ಯುಎನ್ ಸಂಖ್ಯೆ ಇರುತ್ತದೆ: ಎಥನಾಲ್‌ಗೆ ಯುಎನ್ 1170, ಮೆಥನಾಲ್‌ಗೆ ಯುಎನ್ 1230, ಸೀಮೆಎಣ್ಣೆಗೆ ಯುಎನ್ 1223. ನಿಮ್ಮಲ್ಲಿರುವ ಮೆಥನಾಲ್‌ಗೆ ಹೊತ್ತಿಕೊಳ್ಳುವ ಗುಣದ ಜೊತೆಗೆ ವಿಷ ಎಂಬ ಉಪ-ಅಪಾಯವೂ ಅಂಟಿಕೊಂಡಿದೆ ಎಂಬುದು ನೆನಪಿರಲಿ.

ಇನ್ನು ಆ ಬೇರೆ ಬಾಗಿಲು. ದ್ರವ ಬಾಟಲಿಯಲ್ಲಿದ್ದರೆ ಅದು 3ನೇ ವರ್ಗದ ಸರಕು. ಅದೇ ದ್ರವ ಒಂದು ಯಂತ್ರದ ಅವಿಭಾಜ್ಯ ಭಾಗವಾಗಿಯೋ, ಬಳಸಿ ಉಳಿದ ಶೇಷವಾಗಿಯೋ ಇದ್ದರೆ ‘ಉಪಕರಣದೊಳಗಿನ ಅಪಾಯಕಾರಿ ಸರಕು’ ಎಂಬ ಯುಎನ್ 3363ರ ಅಡಿ, ಇತರೆ ಅಪಾಯಗಳ 9ನೇ ವರ್ಗದಲ್ಲಿ ಕಳಿಸಬಹುದು. ವಿಮಾನಕ್ಕಾದರೆ ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ಕೈಪಿಡಿಯ ಪ್ಯಾಕಿಂಗ್ ಸೂಚನೆ 962 ಇದಕ್ಕೆ ಅನ್ವಯ. ಒಂದು ಪೆಟ್ಟಿಗೆಯಲ್ಲಿ ಒಟ್ಟು ದ್ರವ ಅರ್ಧ ಲೀಟರ್ ಮೀರಬಾರದು. ಒಳಗಿರುವುದು ‘ಸೀಮಿತ ಪ್ರಮಾಣ’ದಲ್ಲಿ (ಅಂದರೆ ಸಣ್ಣ ಪ್ಯಾಕುಗಳಲ್ಲಿ, ಸಡಿಲಿಸಿದ ನಿಯಮದಡಿ) ಕಳಿಸಲು ಅನುಮತಿ ಇರುವ ವಸ್ತುವೇ ಆಗಿರಬೇಕು. ದ್ರವ ಇರುವ ಭಾಗ ಒಡೆದರೂ ಹೊರಗೆ ಸೋರದಂತೆ ಉಪಕರಣದೊಳಗೆ ಭದ್ರವಾಗಿರಬೇಕು. ಸಮುದ್ರದ ದಾರಿಯಲ್ಲಿ ಈ ಮಿತಿ ಬೇರೆ: ಆಯಾ ದ್ರವಕ್ಕೆ ಹೇಳಿರುವ ಸೀಮಿತ ಪ್ರಮಾಣವೇ ಗೆರೆ, ಉದಾಹರಣೆಗೆ ಎಥನಾಲ್ ಮತ್ತು ಮೆಥನಾಲ್‌ಗೆ 1 ಲೀಟರ್, ಸೀಮೆಎಣ್ಣೆಗೆ 5 ಲೀಟರ್.

ಗೆರೆ ದಾಟಿದರೆ? ಆಗ ಯುಎನ್ 3540, ‘ಹೊತ್ತಿಕೊಳ್ಳುವ ದ್ರವ ಇರುವ ವಸ್ತುಗಳು’ ಎಂಬ ಸಾಲಿಗೆ ಬೀಳುತ್ತದೆ. ದೊಡ್ಡ ಯಂತ್ರಗಳನ್ನು 3363ರೊಳಗೆ ತುರುಕಲು ಜನ ಒದ್ದಾಡುತ್ತಿದ್ದರಿಂದ 2017ರಲ್ಲಿ ಬಂದ ವಿಶ್ವಸಂಸ್ಥೆಯ ಮಾದರಿ ನಿಯಮಗಳ 20ನೇ ಪರಿಷ್ಕರಣೆಯಲ್ಲಿ ಇದನ್ನು ಸೇರಿಸಿದರು. ವಿಮಾನದಲ್ಲಿ ಇದಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ನಿಮ್ಮ ಪಟ್ಟಿಯಲ್ಲಿ ಅರ್ಧ ಲೀಟರ್ ದಾಟುವಂಥದ್ದು ಯಾವುದೂ ಕಾಣುತ್ತಿಲ್ಲ, ಹಾಗಾಗಿ ಅಷ್ಟು ದೂರ ಹೋಗಬೇಕಿಲ್ಲ. ಇನ್ನೊಂದು ಎಚ್ಚರಿಕೆ: ತನ್ನದೇ ಹೆಸರು ಇರುವ ವಸ್ತುವನ್ನು 3363ಕ್ಕೆ ತಳ್ಳುವಂತಿಲ್ಲ. ಪೆಟ್ಟಿಗೆಯಲ್ಲಿ ಎಲ್ಲಾದರೂ ಪಾದರಸದ ಥರ್ಮಾಮೀಟರ್ ಸೇರಿಕೊಂಡಿದ್ದರೆ ಅದಕ್ಕೆ ಯುಎನ್ 3506 ಎಂಬ ಬೇರೆ ಹೆಸರಿದೆ. ದಯವಿಟ್ಟು ಎರಡು ಡಜನ್ನನ್ನೂ ಒಂದೊಂದಾಗಿ ನೋಡಿ, ಬೆಳ್ಳಿ ಬಣ್ಣದ್ದು ಕಂಡರೆ ಪಕ್ಕಕ್ಕಿಡಿ.

‘ಲಿಕ್ವಿಡ್ ಇಲ್ಲ ಅಂತ ಬರೆದುಕೊಡಿ’ ಎಂದವರ ಮಾತು ಮಾತ್ರ ಕೇಳಬೇಡಿ. ದೇಶದೊಳಗಿನ ವಿಮಾನಕ್ಕೂ ಅಪಾಯಕಾರಿ ಸರಕು ಸಾಗಣೆ ನಿಯಮಗಳಿವೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ನೋಡಿಕೊಳ್ಳುತ್ತದೆ, ಮತ್ತು ಸರಕು ಯಾವುದು ಎಂದು ಸರಿಯಾಗಿ ಹೇಳುವ ಹೊಣೆ ಕಳಿಸುವವನದೇ ಹೊರತು ಕೌಂಟರಿನಲ್ಲಿ ಕೂತವನದಲ್ಲ. ಘೋಷಣಾಪತ್ರಕ್ಕೆ ಸಹಿ ಹಾಕುವವರು ಕಳೆದ 24 ತಿಂಗಳೊಳಗೆ ತರಬೇತಿ ಪಡೆದಿರಬೇಕು. ನಿಮಗೆ ತರಬೇತಿ ಇಲ್ಲದಿದ್ದರೆ ಅಪಾಯಕಾರಿ ಸರಕು ನಿರ್ವಹಿಸುವ ಏಜೆಂಟರ ಮೂಲಕವೇ ಕಳಿಸಬೇಕಾಗುತ್ತದೆ. ಅಂಚೆಯ ಯೋಚನೆ ಇದ್ದರೆ ಬಿಡಿ, ಹೊತ್ತಿಕೊಳ್ಳುವ ದ್ರವಕ್ಕೆ ಅಲ್ಲಿ ಜಾಗವಿಲ್ಲ.

ರಸಾಯನ ಮಂಡ್ಯ

ನಾನು ರಸಾಯನಶಾಸ್ತ್ರದ ಉಪನ್ಯಾಸಕಿ. ಮೇಲಿನವರು ನಿಯಮದ ಕಡೆಯಿಂದ ಹೇಳಿದ್ದಾರೆ, ನಾನು ದ್ರವದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಫ್ಲ್ಯಾಷ್ ಪಾಯಿಂಟ್ ಎಂದರೆ ದ್ರವ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ ಎಂದು ವಿದ್ಯಾರ್ಥಿಗಳಷ್ಟೇ ಅಲ್ಲ, ಅನೇಕ ಲ್ಯಾಬ್ ಸಹಾಯಕರೂ ತಿಳಿದಿದ್ದಾರೆ. ಹಾಗಲ್ಲ. ದ್ರವದ ಮೇಲ್ಮೈಯಿಂದ ಏಳುವ ಆವಿ ಗಾಳಿಯೊಡನೆ ಬೆರೆತು, ಒಂದು ಸಣ್ಣ ಜ್ವಾಲೆ ತೋರಿಸಿದರೆ ಭಗ್ಗೆಂದು ಮಿಂಚುವಷ್ಟು ಸಾಂದ್ರವಾಗುವ ಅತಿ ಕಡಿಮೆ ಉಷ್ಣತೆ ಅದು. ಶುದ್ಧ ಎಥನಾಲ್‌ಗೆ ಇದು ಸುಮಾರು 13 ಡಿಗ್ರಿ, ಮೆಥನಾಲ್‌ಗೆ ಸುಮಾರು 11. ಮೈಸೂರಿನ ಡಿಸೆಂಬರ್ ಬೆಳಗಿನಲ್ಲೂ ಕೊಠಡಿ ಅಷ್ಟು ತಣ್ಣಗಿರುವುದಿಲ್ಲ, ಅಂದರೆ ನಮ್ಮಲ್ಲಿ ಇವುಗಳ ಮುಚ್ಚಳ ತೆಗೆದಿಟ್ಟರೆ ಆವಿ ವರ್ಷವಿಡೀ ಸಿದ್ಧವಾಗಿಯೇ ಇರುತ್ತದೆ, ಕಿಡಿಯೊಂದು ಬಾಕಿ. ಸೀಮೆಎಣ್ಣೆ ಹಾಗಲ್ಲ, ಅದರದ್ದು 38ರ ಆಸುಪಾಸಿನಿಂದ ಶುರು. ನೆರಳಿನ ಕೊಠಡಿಯಲ್ಲಿ ಸಾಧುವಾಗಿ ಕೂತಿರುವ ಅದೇ ಸೀಮೆಎಣ್ಣೆ, ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಲಾರಿಯೊಳಗೆ ಗೆರೆ ದಾಟಿಬಿಡುತ್ತದೆ. ಸಾಗಣೆ ನಿಯಮದವರು 60ಕ್ಕೆ ಗೆರೆ ಎಳೆದಿರುವುದು ಏಕೆ ಎಂಬುದು ಇಷ್ಟರಿಂದ ಅರ್ಥವಾಗುತ್ತದೆ.

ಈಗ ನಿಮ್ಮ ಸಾಮಾನು. ಸಂಪರ್ಕ ದ್ರವವಾದ ಮಾನೊಬ್ರೋಮೊನ್ಯಾಫ್ತಲೀನ್‌ನ ಫ್ಲ್ಯಾಷ್ ಪಾಯಿಂಟ್ 100 ಡಿಗ್ರಿಗೂ ಮೇಲೆ, ಆದ್ದರಿಂದ ಅದು 3ನೇ ವರ್ಗಕ್ಕೆ ಸೇರುವುದಿಲ್ಲ. ಬೇರೆ ವರ್ಗಕ್ಕೆ ಸೇರುತ್ತದೆಯೇ ಎಂಬುದಕ್ಕೆ ತಯಾರಕರ ಸುರಕ್ಷತಾ ಹಾಳೆಯ 14ನೇ ವಿಭಾಗ ನೋಡಬೇಕು; ಫ್ಲ್ಯಾಷ್ ಪಾಯಿಂಟ್ 9ನೇ ವಿಭಾಗದಲ್ಲಿರುತ್ತದೆ, ಸಾಗಣೆಯ ವಿವರ 14ರಲ್ಲಿ. ‘ಎಂಎಸ್‌ಡಿಎಸ್ ತನ್ನಿ’ ಎಂದವರೇ ನೀವು ವಿಚಾರಿಸಿದ ಮೂವರಲ್ಲಿ ಕೆಲಸ ಬಲ್ಲವರು.

ಮ್ಯಾನೋಮೀಟರಿನ ದ್ರವ ನಿಜವಾಗಿಯೂ ಸೀಮೆಎಣ್ಣೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೆಂಪಾಗಿರುವುದೆಲ್ಲ ಸೀಮೆಎಣ್ಣೆ ಅಲ್ಲ, ಹೆಚ್ಚಿನ ಫ್ಲ್ಯಾಷ್ ಪಾಯಿಂಟಿನ ಗೇಜ್ ಎಣ್ಣೆಗಳೂ ಅದೇ ಬಣ್ಣದಲ್ಲಿ ಬರುತ್ತವೆ. ಹಾಗೆಯೇ ಕೆಂಪು ಥರ್ಮಾಮೀಟರಿನಲ್ಲಿ ಎಥನಾಲ್ ಇರಬಹುದು, ಟಾಲುಯೀನ್ ಇರಬಹುದು, ಸೀಮೆಎಣ್ಣೆಯೂ ಇರಬಹುದು. 110 ಡಿಗ್ರಿವರೆಗೆ ಗುರುತು ಇರುವ ಥರ್ಮಾಮೀಟರ್ ಆಗಿದ್ದರೆ, 78 ಡಿಗ್ರಿಗೇ ಕುದಿಯುವ ಎಥನಾಲ್ ಅದರೊಳಗೆ ಇರುವ ಸಂಭವ ಕಡಿಮೆ. ‘ಸ್ಪಿರಿಟ್’ ಎಂಬುದು ಅಂಗಡಿಯ ಮಾತು, ಘೋಷಣಾಪತ್ರದಲ್ಲಿ ಬರೆಯುವಂಥ ಹೆಸರಲ್ಲ.

ಎಚ್‌ಪಿಎಲ್‌ಸಿ ಕಾಲಮ್ಮಿನ ಲೆಕ್ಕವನ್ನು ನಾನೇ ಹಾಕಿದೆ. 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸದ ಸಾಮಾನ್ಯ ಕಾಲಮ್ಮಿನ ಒಳಗಾತ್ರ ಸುಮಾರು 4.2 ಮಿ.ಲೀ. ಅದರಲ್ಲಿ ಒಂದು ಪಾಲನ್ನು ಸಿಲಿಕಾ ತಿನ್ನುತ್ತದೆ, ಉಳಿದದ್ದಷ್ಟೇ ದ್ರವ. ಎರಡೂವರೆಯಿಂದ ಮೂರು ಮಿ.ಲೀ. ಎನ್ನಿ. ಒಂದು ಟೀ ಚಮಚವೂ ತುಂಬದು, ಆದರೆ ಸೊನ್ನೆಯಲ್ಲ. ಪಂಪಿನಲ್ಲಿ ಡಿಗ್ಯಾಸರ್ (ದ್ರವದಲ್ಲಿ ಕರಗಿದ ಗಾಳಿ ತೆಗೆಯುವ ಭಾಗ) ಇದ್ದರೆ ಅದರ ಒಂದೊಂದು ಚಾನಲ್ಲಿನಲ್ಲೂ ಇದಕ್ಕಿಂತ ಹೆಚ್ಚು ನಿಂತಿರಬಹುದು. ಆ ಯಂತ್ರದಿಂದ ಮೆಥನಾಲ್ ತೆಗೆದು, ಮೊದಲು ನೀರು ಹಾಯಿಸಿ, ಆಮೇಲೆ ನೀರಿನಲ್ಲಿ ಶೇ 20ರ ಎಥನಾಲ್ ನಿಲ್ಲಿಸಿ ಕಳಿಸಲು ಆಗುವುದಿಲ್ಲವೇ? ಗಾತ್ರದಲ್ಲಿ ಶೇ 24 ಮೀರದ ಎಥನಾಲ್-ನೀರಿನ ಮಿಶ್ರಣಕ್ಕೆ ವಿನಾಯಿತಿ ಇದೆ ಎಂದು ಓದಿದ್ದೇನೆ. ಕಾಗದಪತ್ರದವರು ಹೇಳಬೇಕು.

ಕಾರ್ಗೋ ಕಾಗದಪತ್ರ

ಸರಿಯಾಗಿ ಓದಿದ್ದೀರಿ. ಮಾದರಿ ನಿಯಮಗಳ ವಿಶೇಷ ಉಪಬಂಧ 144, ಐಎಟಿಎಯಲ್ಲಿ ಎ58. ಆದರೆ ಅದು ಎಥನಾಲ್‌ಗೆ ಮಾತ್ರ. ಮೆಥನಾಲ್ ಅನ್ನು ನೀರಿನಲ್ಲಿ ಬೆರೆಸಿ ಶೇ 20ಕ್ಕೆ ಇಳಿಸಿದೆ ಎಂದರೆ ಈ ಉಪಬಂಧ ಕೈಹಿಡಿಯುವುದಿಲ್ಲ. ಹಾಗಾಗಿ ಮೊದಲಿನ ಮೆಥನಾಲ್ ಪೂರ್ತಿ ಹೊರಟಿರಬೇಕು ಎಂಬುದು ಮುಖ್ಯ. ಲ್ಯಾಬಿನವರು ಇಷ್ಟು ಮಾಡಿ ಒಂದು ಪತ್ರ ಕೊಟ್ಟರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ನಿವೃತ್ತ ಸ್ಟೋರ್ಸ್

ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತು ವರ್ಷ ಕಳೆದವನು. ಉಪಕರಣ ಕಳಿಸುವ, ಬರಮಾಡಿಕೊಳ್ಳುವ ಎರಡೂ ತುದಿಯಲ್ಲಿ ನಿಂತು ನೋಡಿದ್ದೇನೆ. ನಿಯಮದ ಸಂಖ್ಯೆಗಳನ್ನು ಮೇಲಿನವರು ನನಗಿಂತ ಚೆನ್ನಾಗಿ ಬಲ್ಲರು. ನಾನು ಎರಡು ಪದಗಳ ಬಗ್ಗೆ ಮಾತ್ರ ಬರೆಯುತ್ತೇನೆ: ‘ಖಾಲಿ’ ಮತ್ತು ‘ಹೊಟ್ಟು’.

ನಮ್ಮ ಲ್ಯಾಬುಗಳಲ್ಲಿ ‘ಖಾಲಿ ಮಾಡಿದ್ದೇವೆ’ ಎಂದರೆ ಬಗ್ಗಿಸಿ ಸುರಿದಿದ್ದೇವೆ ಎಂದರ್ಥ. ಸಾಗಣೆಯ ಭಾಷೆಯಲ್ಲಿ ಹಾಗಲ್ಲ. ಸುರಿದ ಮೇಲೆ ಗೋಡೆಗೆ ಅಂಟಿ ಉಳಿದ ತೇವ, ಅದರಿಂದ ಏಳುವ ಆವಿ ಇರುವವರೆಗೂ ಅದು ತುಂಬಿದ ವಸ್ತುವಿನ ಸಾಲಿನಲ್ಲೇ ನಿಲ್ಲುತ್ತದೆ. ತೊಳೆದು, ಗಾಳಿ ಅಥವಾ ನೈಟ್ರೋಜನ್ ಹಾಯಿಸಿ ಆವಿ ಹೊರದೂಡಿದ ಮೇಲೆಯೇ ಖಾಲಿ. ನೋಡಿದರೆ ಪೂರ್ಣ ತುಂಬಿದ ಬಾಟಲಿಗಿಂತ ತಳದಲ್ಲಿ ಎರಡು ಹನಿ ಉಳಿದ ಬಾಟಲಿಯೊಳಗೇ ಆವಿ ಮತ್ತು ಗಾಳಿ ಬೆರೆಯಲು ಜಾಗ ಹೆಚ್ಚು. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಹೊರಟು ಎವರ್‌ಗ್ಲೇಡ್ಸ್ ಜೌಗಿಗೆ ಬಿದ್ದ ವ್ಯಾಲ್ಯೂಜೆಟ್ 592 ವಿಮಾನದ ಸರಕಿನ ಚೀಟಿಯಲ್ಲಿ ಆಮ್ಲಜನಕದ ಡಬ್ಬಿಗಳ ಮುಂದೆ ‘ಖಾಲಿ’ ಎಂದೇ ಬರೆದಿತ್ತು. ಅವು ಖಾಲಿ ಇರಲಿಲ್ಲ. ವಿಮಾನದಲ್ಲಿದ್ದ 110 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದು ಹೊತ್ತಿಕೊಳ್ಳುವ ದ್ರವದ ಪ್ರಕರಣವಲ್ಲ, ಆದರೆ ಒಂದು ಪದವನ್ನು ಅಜಾಗರೂಕತೆಯಿಂದ ಬರೆದದ್ದರ ಪ್ರಕರಣ ಹೌದು.

ಇನ್ನು ಹೊಟ್ಟು. ನಮ್ಮ ಕಡೆ ಗಾಜಿನ ಸಾಮಾನು ಕಟ್ಟುವಾಗ ಸಾಮಿಲ್ಲಿನಿಂದ ಒಂದು ಚೀಲ ಮರದ ಹೊಟ್ಟು ತಂದು ತುಂಬುವ ರೂಢಿ ಇದೆ. ನಾನೂ ಸೇವೆಯ ಆರಂಭದಲ್ಲಿ ತುಂಬಿದ್ದೇನೆ, ಮೇಲಧಿಕಾರಿಯಿಂದ ಬೈಸಿಕೊಂಡೂ ಇದ್ದೇನೆ. 1973ರ ನವೆಂಬರ್ 3ರಂದು ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿಗೆ ಹೊರಟಿದ್ದ ಪ್ಯಾನ್ ಆ್ಯಮ್‌ನ ಸರಕು ವಿಮಾನ ಬಾಸ್ಟನ್ನಿನಲ್ಲಿ ಇಳಿಯಲು ಹೋಗಿ ನೆಲಕ್ಕಪ್ಪಳಿಸಿ ಮೂವರು ಸಿಬ್ಬಂದಿ ತೀರಿಕೊಂಡರು. ಅದರಲ್ಲಿದ್ದ ರಾಸಾಯನಿಕಗಳ ಪೆಟ್ಟಿಗೆಯಲ್ಲಿ ನೈಟ್ರಿಕ್ ಆಮ್ಲದ ಬಾಟಲಿಗಳ ಸುತ್ತ ತುಂಬಿದ್ದು ಇದೇ ಮರದ ಹೊಟ್ಟು, ಆಮ್ಲ ಸೋರಿ ಹೊಟ್ಟಿನೊಡನೆ ವರ್ತಿಸಿ ಹೊಗೆ ಎದ್ದಿತು. ನಿಮ್ಮಲ್ಲಿ ಆಮ್ಲ ಇಲ್ಲ ಎಂಬುದು ಗೊತ್ತು. ಆದರೂ ಸ್ಪಿರಿಟ್ ಸೋರಿದರೆ ಹೊಟ್ಟು ಅದನ್ನು ಹೀರಿ ಬತ್ತಿಯಾಗುತ್ತದೆಯೇ ಹೊರತು ಬೆಂಕಿಗೆ ಅಡ್ಡ ನಿಲ್ಲುವುದಿಲ್ಲ. ಹೊತ್ತಿಕೊಳ್ಳದೆ ದ್ರವ ಹೀರುವ ಖನಿಜವಾದ ವರ್ಮಿಕ್ಯುಲೈಟ್ ತರಿಸಿ, ಗಿಡ ಬೆಳೆಸುವವರ ಅಂಗಡಿಗಳಲ್ಲಿ ಈಗ ಸುಲಭವಾಗಿ ಸಿಗುತ್ತದೆ.

ಲಾರಿ ಬುಕಿಂಗ್

ಇಷ್ಟು ತಲೆನೋವು ಏಕೆ, ಒಬ್ಬರು ರೈಲಿನಲ್ಲಿ ಪಕ್ಕಕ್ಕಿಟ್ಟುಕೊಂಡು ಹೋಗಿ ಕೊಟ್ಟು ಬರಬಹುದಲ್ಲ? ಇಲ್ಲವೇ ಲಾರಿಗೆ ಹಾಕಿ. ಲಾರಿಯಲ್ಲಿ ಯಾರು ಕೇಳುತ್ತಾರೆ?

ನಿವೃತ್ತ ಸ್ಟೋರ್ಸ್

ರೈಲಿನ ಮಾತು ಆಡಬೇಡಿ. 1989ರ ರೈಲ್ವೆ ಕಾಯ್ದೆಯ 67ನೇ ಕಲಂ ಅಪಾಯಕಾರಿ ವಸ್ತುವನ್ನು ಲಿಖಿತವಾಗಿ ತಿಳಿಸದೆ ಒಯ್ಯಬಾರದು ಎನ್ನುತ್ತದೆ, 164ನೇ ಕಲಮಿನಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಬಸ್ಸಿನ ಪಾರ್ಸೆಲ್ ಕೂಡ ಬೇಡ, ಮೇಲೆ ಜನ ಕೂತಿರುತ್ತಾರೆ. ಲಾರಿಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ನಿಜವಿರಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 131ನೇ ನಿಯಮ ಕಳಿಸುವವನ ತಲೆಯ ಮೇಲೆಯೇ ಹೊಣೆ ಹೊರಿಸಿದೆ. ಕೇಳುವುದು ಅಪಘಾತವಾದ ಮೇಲೆ.

ಹೆಬ್ಬಾಳದ ರಿಪೇರಿಯವ

ಎಲ್ಲರಿಗೂ ವಂದನೆಗಳು. ನಿನ್ನೆ ಮೊನ್ನೆ ಎರಡು ದಿನ ಕೂತು ಮಾಡಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಮ್ಯಾನೋಮೀಟರಿನ ಎರಡೂ ತುದಿಯ ನಿಪ್ಪಲ್ ಬಿಚ್ಚಿ, ಓರೆ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಬೀಕರ್ ಇಟ್ಟು ಇಳಿಸಿದೆ. ಅಳೆದು ನೋಡಿದರೆ 34 ಮಿ.ಲೀ. ಬಂತು. ವಾಸನೆ ಅಪ್ಪಟ ಸೀಮೆಎಣ್ಣೆಯದೇ. ದೊಡ್ಡ ಬಾವಿಯ ಭಾಗ ಬೇಗ ಖಾಲಿಯಾಯಿತು, ಆದರೆ ಸಣ್ಣ ಕೊಳವೆಯೊಳಗೆ ಅಲ್ಲಲ್ಲಿ ಕೆಂಪು ಮಣಿಗಳಂತೆ ಹನಿಗಳು ನಿಂತವು, ಊದಿದರೂ ಜಗ್ಗಲಿಲ್ಲ. ಸಿರಿಂಜಿಗೆ ಸಣ್ಣ ಪಿವಿಸಿ ಕೊಳವೆ ಸಿಕ್ಕಿಸಿ, ಸಾಬೂನು ನೀರು ನಾಲ್ಕು ಸಲ, ಬರಿ ನೀರು ಮೂರು ಸಲ ಹಾಯಿಸಿ, ಕೊನೆಗೆ ಅಕ್ವೇರಿಯಂ ಪಂಪಿನಿಂದ ರಾತ್ರಿಯಿಡೀ ಗಾಳಿ ಬಿಟ್ಟೆ. ಬೆಳಿಗ್ಗೆ ತುದಿಗೆ ಮೂಗು ಹಿಡಿದಾಗ ವಾಸನೆ ಇರಲಿಲ್ಲ, ಬಣ್ಣದ ಒಂದು ಗುಲಾಬಿ ನೆರಳು ಮಾತ್ರ ಗಾಜಿಗೆ ಅಂಟಿದೆ. ಅವರು ಅಲ್ಲಿಯೇ ಎಣ್ಣೆ ತುಂಬಿಕೊಳ್ಳಲಿ, ಸಾಂದ್ರತೆ ಎಷ್ಟಿರಬೇಕು ಎಂಬ ಚೀಟಿಯನ್ನು ಫಲಕದ ಹಿಂದೆ ಅಂಟಿಸಿದ್ದೇನೆ.

ಎಚ್‌ಪಿಎಲ್‌ಸಿಗೆ ಉಪನ್ಯಾಸಕಿಯವರು ಹೇಳಿದಂತೆಯೇ ಮಾಡಿದೆ. ಕಾಲಮ್ಮನ್ನು ಮಾತ್ರ ಬಿಚ್ಚಿ ಎರಡೂ ತುದಿಗೆ ಪ್ಲಗ್ ಹಾಕಿ ಇಲ್ಲೇ ಇಟ್ಟುಕೊಂಡೆ, ಏಕೆಂದರೆ ಅದನ್ನು ಮೆಥನಾಲಿನಲ್ಲೇ ಇಡಬೇಕು, ಹಳೆಯದು ಬೇರೆ; ಹೊಸದನ್ನು ಅವರು ಕೊಳ್ಳುವುದೇ ಮೇಲು.

ಉಳಿದದ್ದು ಥರ್ಮಾಮೀಟರ್. ಅದನ್ನು ಖಾಲಿ ಮಾಡುವಂತಿಲ್ಲ. ಬಲ್ಬಿನ ಹೊರವ್ಯಾಸ 5 ಮಿ.ಮೀ., ಉದ್ದ 12 ಮಿ.ಮೀ. ಗಾಜಿನ ದಪ್ಪ ಲೆಕ್ಕಕ್ಕೆ ಹಿಡಿಯದೆ ನೋಡಿದರೂ ಕಾಲು ಮಿ.ಲೀ. ದಾಟುವುದಿಲ್ಲ, ಇಪ್ಪತ್ತನಾಲ್ಕೂ ಸೇರಿ ಆರು ಮಿ.ಲೀ. ಒಳಗೆ. ಇಷ್ಟಕ್ಕೂ 9ನೇ ವರ್ಗದ ಲೇಬಲ್, ಘೋಷಣಾಪತ್ರ, ಏಜೆಂಟರ ಶುಲ್ಕ ಎಲ್ಲ ಬೇಕೇ?

ಗಾಜುಕೊಳವೆ

ಬೇಡ. ಅತ್ಯಲ್ಪ ಪ್ರಮಾಣ ಎಂಬ ರಿಯಾಯಿತಿ ಇರುವುದೇ ಇದಕ್ಕೆ. ಒಳಗಿನ ಒಂದೊಂದು ಪಾತ್ರೆಯಲ್ಲಿ 1 ಮಿ.ಲೀ. ಮತ್ತು ಪೂರ್ತಿ ಪೆಟ್ಟಿಗೆಯಲ್ಲಿ 100 ಮಿ.ಲೀ. ಮೀರದಿದ್ದರೆ, ಸುತ್ತ ಮೆತ್ತನೆ ಹೊದಿಕೆ, ದ್ರವ ಹೀರುವ ವಸ್ತು ಇಟ್ಟು ಗಟ್ಟಿಯಾದ ಪೆಟ್ಟಿಗೆಯಲ್ಲಿ ಕಟ್ಟಿದರೆ, ಲೇಬಲ್ಲೂ ಇಲ್ಲ, ಘೋಷಣಾಪತ್ರವೂ ಇಲ್ಲ. ಪೆಟ್ಟಿಗೆ ಮಾತ್ರ 1.8 ಮೀಟರ್ ಎತ್ತರದಿಂದ ಬೀಳಿಸುವ ಪರೀಕ್ಷೆಯನ್ನೂ ಮೂರು ಮೀಟರ್ ಎತ್ತರ ಪೇರಿಸಿದಷ್ಟು ಭಾರವನ್ನು 24 ಗಂಟೆ ಹೊರುವ ಪರೀಕ್ಷೆಯನ್ನೂ ತಾಳುವಂಥದ್ದಾಗಿರಬೇಕು. ಕಾಲು ಮಿ.ಲೀ. ದ್ರವಕ್ಕೆ ನಾವು ಇಡೀ ಒಂದು ಪುಟ ಬರೆದಿದ್ದೇವೆ.

ಕಾರ್ಗೋ ಕಾಗದಪತ್ರ

ರಿಯಾಯಿತಿಯ ಲೆಕ್ಕ ಸರಿ, ಆದರೆ ಅದನ್ನು ಥರ್ಮಾಮೀಟರಿಗೆ ಹೊಂದಿಸುವಲ್ಲಿ ನನಗೆ ತಕರಾರಿದೆ. ಆ ರಿಯಾಯಿತಿಯ ಮಾತು ‘ಒಳ ಪ್ಯಾಕಿಂಗ್’ ಎಂಬ ಪದದ ಮೇಲೆ ನಿಂತಿದೆ. ದ್ರವವನ್ನು ಸಾಗಿಸಲೆಂದು ತುಂಬಿದ ಸಣ್ಣ ಸೀಸೆ ಒಳ ಪ್ಯಾಕಿಂಗ್. ಥರ್ಮಾಮೀಟರಿನ ಬಲ್ಬು ಸಾಗಿಸಲೆಂದು ಮಾಡಿದ ಪಾತ್ರೆ ಅಲ್ಲ, ಅದು ಉಪಕರಣದ ಅಂಗ. ಕೆಲವರು ಎರಡನ್ನೂ ಒಂದೇ ಎಂದು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ, ಮತ್ತು ಒಪ್ಪದ ತಪಾಸಣಾಧಿಕಾರಿಯ ಪಾಳಿಯಲ್ಲಿ ನಿಮ್ಮ ಪೆಟ್ಟಿಗೆ ಬಂದರೆ ಮತ್ತೆ ಹನ್ನೊಂದು ದಿನ. ನನ್ನ ಕಚೇರಿಯಲ್ಲಾದರೆ ನಾನು 3363ರ ಅಡಿ ಕಳಿಸುತ್ತೇನೆ. ಖರ್ಚು ಹೆಚ್ಚು, ವಾದ ಕಡಿಮೆ.

ಗಾಜುಕೊಳವೆ

ಸೀಸೆಗೆ ಸಿಗುವ ರಿಯಾಯಿತಿ, ಸೀಸೆಗಿಂತ ಭದ್ರವಾಗಿ ಗಾಜಿನಲ್ಲೇ ಬೆಸೆದುಹೋದ ಬಲ್ಬಿಗೆ ಸಿಗದು ಎಂದರೆ ನಿಯಮದ ಉದ್ದೇಶವೇ ತಲೆಕೆಳಗಾದಂತೆ. ನಾನು ಈ ಅಭಿಪ್ರಾಯ ಬಿಡಲಾರೆ. ಆದರೆ ಪೆಟ್ಟಿಗೆ ನನ್ನದಲ್ಲ, ಹನ್ನೊಂದು ದಿನವೂ ನನ್ನದಲ್ಲ, ಆದ್ದರಿಂದ ಕಳಿಸುವವರೇ ತೀರ್ಮಾನಿಸಲಿ.

ರಸಾಯನ ಮಂಡ್ಯ

ಎರಡೂ ಕಡೆ ಬೇಡವೆನಿಸಿದರೆ ಮೂರನೆಯ ದಾರಿ ಇದೆ. ಥರ್ಮಾಮೀಟರುಗಳನ್ನು ಪೆಟ್ಟಿಗೆಯಿಂದಲೇ ತೆಗೆದುಬಿಡಿ. ಎರಡು ಡಜನ್ ಕೆಂಪು ಥರ್ಮಾಮೀಟರ್ ಗುವಾಹಟಿಯ ಯಾವ ಅಂಗಡಿಯಲ್ಲೂ ಸಿಗುತ್ತವೆ, ಏಜೆಂಟರ ಶುಲ್ಕಕ್ಕಿಂತ ಅಗ್ಗವಾಗಿಯೇ.

ಹೆಬ್ಬಾಳದ ರಿಪೇರಿಯವ

ಇದು ನನಗೆ ಹೊಳೆಯಲೇ ಇಲ್ಲವಲ್ಲ! ಕಾಲೇಜಿನವರಿಗೆ ಫೋನ್ ಮಾಡಿದೆ, ಅವರೂ ಒಪ್ಪಿದರು. ಕ್ಯಾಲಿಬ್ರೇಷನ್ ಮಾಡಿದ ನಾಲ್ಕು ಮಾತ್ರ ಇಲ್ಲಿಂದಲೇ ಬೇಕಂತೆ. ಅವನ್ನು ಬೇಸಿಗೆ ರಜೆಗೆ ಅವರ ಉಪನ್ಯಾಸಕರೊಬ್ಬರು ಮೈಸೂರಿಗೆ ಬಂದಾಗ ನೋಡೋಣ ಎಂದಿದ್ದಾರೆ, ಅವರು ಹೇಗೆ ಒಯ್ಯುತ್ತಾರೆ ಎಂಬುದಕ್ಕೆ ಆಗ ಮತ್ತೆ ಇಲ್ಲಿಗೇ ಬರುತ್ತೇನೆ. ಸಂಪರ್ಕ ದ್ರವದ ತಯಾರಕರಿಂದ ಸುರಕ್ಷತಾ ಹಾಳೆ ತರಿಸಿದೆ, 14ನೇ ವಿಭಾಗದಲ್ಲಿ ಸಾಗಣೆಗೆ ನಿರ್ಬಂಧವಿಲ್ಲ ಎಂದಿದೆ. ಮ್ಯಾನೋಮೀಟರ್ ಮತ್ತು ಎಚ್‌ಪಿಎಲ್‌ಸಿ ತೊಳೆದ ವಿವರ, ತಾರೀಖು, ಈಗ ಒಳಗೆ ಏನಿದೆ ಎಂಬುದನ್ನು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಒಂದು ಪ್ರತಿ ಪೆಟ್ಟಿಗೆಯ ಹೊರಗೆ, ಒಂದು ಒಳಗೆ. ‘ಎಂಎಸ್‌ಡಿಎಸ್ ತನ್ನಿ’ ಎಂದಿದ್ದ ಕೌಂಟರಿಗೇ ಒಯ್ದೆ. ಅವರು ಪತ್ರವನ್ನು ಎರಡು ಸಲ ಓದಿ, ಶೇ 20 ಎಂಬ ಅಂಕಿಯ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಬುಕಿಂಗ್ ಮಾಡಿಕೊಂಡರು. ವರ್ಮಿಕ್ಯುಲೈಟ್ ಒಂದು ಚೀಲ ಪೂರ್ತಿ ಉಳಿದಿದೆ, ಹೆಬ್ಬಾಳದ ಕಡೆ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಬಹುದು.